ಕಪಾಟಿನ ಕೀಲಿ: ಹೋಪಿಗಳ ನಾಡನ್ನು ಓದುವ ದಾರಿ

ಚಿತ್ರದುರ್ಗದ ಕಾಲೇಜೊಂದರಲ್ಲಿ ಗ್ರಂಥಪಾಲಕಿಯಾಗಿದ್ದು ನಿವೃತ್ತರಾದ ನಮ್ಮ ಅಂಕಣಗಾರ್ತಿ ‘ಏನು ಓದಲಿ, ಎಲ್ಲಿ ಹುಡುಕಲಿ’ ಎಂದು ಕೇಳುವ ಓದುಗರಿಗೆ ಉತ್ತರಿಸುತ್ತಾರೆ. ಅಮೆರಿಕದ ನೈಋತ್ಯ ಭಾಗದ ಪುರಾತತ್ವ ಮತ್ತು ಅಲ್ಲಿನ ಮೂಲನಿವಾಸಿಗಳಾದ ಹೋಪಿ ಜನರ ಕುರಿತು ಬಂದ ಪತ್ರಗಳಿಗೆ ಈ ಬಾರಿಯ ಅಂಕಣ ಮೀಸಲು.

ಪ್ರಶ್ನೆ: ಮೇಡಂ, ನಾನು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೇನೆ. ಸೆಮಿನಾರಿಗೆ ‘ಅಮೆರಿಕದ ನೈಋತ್ಯ ಭಾಗದ ಪುರಾತತ್ವ’ ಎಂಬ ವಿಷಯ ನನ್ನ ಪಾಲಿಗೆ ಬಂದಿದೆ. ಅಂತರ್ಜಾಲದಲ್ಲಿ ಎಲ್ಲಿ ನೋಡಿದರೂ ‘ನಿಗೂಢವಾಗಿ ಕಣ್ಮರೆಯಾದ ಅನಸಾಜಿಗಳು’ ಎಂಬುದೇ ಇದೆ. ಕನ್ನಡದಲ್ಲಿ ಪುಸ್ತಕ ಸಿಗುತ್ತದೆಯೇ? ಎಲ್ಲಿಂದ ಶುರು ಮಾಡಲಿ?
— ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಮೊಳಕಾಲ್ಮೂರಿನಿಂದ ಶುರು ಮಾಡು. ತಮಾಷೆಗೆ ಹೇಳುತ್ತಿಲ್ಲ, ಮಗಳೇ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಆ ತಾಲೂಕಿನ ಬ್ರಹ್ಮಗಿರಿಯಲ್ಲೂ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಉತ್ಖನನ ನಡೆಸಿದರು. ಅದರ ವರದಿ ಪುರಾತತ್ವ ಸರ್ವೇಕ್ಷಣ ಇಲಾಖೆಯ ‘ಏನ್ಷಿಯಂಟ್ ಇಂಡಿಯಾ’ ನಾಲ್ಕನೆಯ ಸಂಚಿಕೆಯಲ್ಲಿದೆ. ಸ್ಕ್ಯಾನ್ ಮಾಡಿದ ಪ್ರತಿ ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ತಳದಲ್ಲಿ ಕಲ್ಲುಕೊಡಲಿಯ ಜನ, ಅವರ ಮೇಲೆ ಬೃಹತ್ ಶಿಲಾ ಸಮಾಧಿಗಳ ಜನ, ಅದರ ಮೇಲೆ ವೀಲರ್ ‘ಆಂಧ್ರ’ ಎಂದು ಕರೆದ ಸಾತವಾಹನ ಕಾಲದ ಪದರ. ಯಾವ ಪದರದಲ್ಲಿ ಯಾವ ಬಗೆಯ ಬೋಕಿ, ಎಂದರೆ ಮಡಕೆಯ ಚೂರು, ಎಷ್ಟು ಸಿಕ್ಕಿತು ಎಂಬ ಲೆಕ್ಕದ ಮೇಲೆಯೇ ಇಡೀ ವಾದ ನಿಂತಿದೆ. ಓದುವ ಮೊದಲು ಒಂದು ದಿನ ದುರ್ಗಕ್ಕೆ ಬಂದು, ರಂಗಯ್ಯನ ಬಾಗಿಲಿನ ಬಳಿ ಇರುವ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಹಳೆಯ ಮಡಕೆಗಳನ್ನು ನೋಡು. ಬೃಹತ್ ಶಿಲಾ ಕಾಲದ ಮಡಕೆಯ ಒಳಮೈ ಮತ್ತು ಕಂಠ ಕಪ್ಪು, ಹೊರಮೈಯ ಕೆಳಭಾಗ ಕೆಂಪು. ಅದೇ ಸಾತವಾಹನ ಕಾಲದ ಕೆಂಗಂದು ಮಡಕೆಯ ಮೇಲೆ ಬಿಳಿ ಗೆರೆಗಳು ಓಡುತ್ತವೆ. ಈ ವ್ಯತ್ಯಾಸ ಕಣ್ಣಿಗೆ ಹತ್ತಿದವರಿಗೆ ಅರಿಜೋನಾದ ಬೋಕಿಯೂ ಪರಕೀಯವಲ್ಲ.

ಆಮೇಲೆ ಅಮೆರಿಕದ ಪುರಾತತ್ವಜ್ಞ ಆಲ್ಫ್ರೆಡ್ ಕಿಡರ್ ಅವರನ್ನು ಕೈಗೆತ್ತಿಕೋ. ನ್ಯೂ ಮೆಕ್ಸಿಕೊದ ಪೆಕೊಸ್ ಎಂಬ ಹಾಳೂರಿನಲ್ಲಿ ಅವರು 1915ರಿಂದ ಕೆಲಸ ಮಾಡಿದರು. ಅವರಿಗೆ ಬೇಕಿದ್ದದ್ದು ನಿಧಿಯಲ್ಲ, ತಿಪ್ಪೆ. ಊರಿನವರು ತಲೆಮಾರುಗಳ ಕಾಲ ಸುರಿದ ಕಸವನ್ನು ಪದರ ಪದರವಾಗಿ ಬಿಡಿಸಿ, ಮಡಕೆಯ ಶೈಲಿ ಕೆಳಗಿನಿಂದ ಮೇಲಕ್ಕೆ ಹೇಗೆ ಬದಲಾಯಿತು ಎಂದು ಗುರುತಿಸಿದರು. ಅವರು 1924ರಲ್ಲಿ ಹೊರತಂದ ‘ಆ್ಯನ್ ಇಂಟ್ರೊಡಕ್ಷನ್ ಟು ದಿ ಸ್ಟಡಿ ಆಫ್ ಸೌತ್‌ವೆಸ್ಟರ್ನ್ ಆರ್ಕಿಯಾಲಜಿ’ ಈ ಕ್ಷೇತ್ರದ ಮೊದಲ ಸಮಗ್ರ ಪುಸ್ತಕ. ವಿಷಯ ಹಳೆಯದಾಗಿದೆ, ಗದ್ಯ ಹಳೆಯದಾಗಿಲ್ಲ. 1927ರಲ್ಲಿ ಅವರು ಸಹೋದ್ಯೋಗಿಗಳನ್ನು ಪೆಕೊಸ್‌ಗೆ ಕರೆದು ಕೂರಿಸಿಕೊಂಡು, ಬುಟ್ಟಿ ಹೆಣೆಯುವವರ ಕಾಲದಿಂದ ಪ್ವೆಬ್ಲೊ, ಎಂದರೆ ಒತ್ತೊತ್ತಾಗಿ ಕಲ್ಲುಮಣ್ಣಿನ ಮನೆ ಕಟ್ಟಿದ, ಊರುಗಳ ಕಾಲದವರೆಗೆ ಒಂದು ಕಾಲಾನುಕ್ರಮ ಕಟ್ಟಿದರು. ಆ ಸಮ್ಮೇಳನ ಇಂದಿಗೂ ನಡೆಯುತ್ತಿದೆ.

ಅಲ್ಲಿಯವರೆಗೆ ಅವರಿಗೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಗೊತ್ತಿತ್ತೇ ಹೊರತು ಇಸವಿ ಗೊತ್ತಿರಲಿಲ್ಲ. ವೀಲರ್ ಅವರಿಗೂ ಇದೇ ತೊಡಕು. ಅವರು ರೋಮನ್ ಕಾಲದ ನಾಣ್ಯ, ಮಡಕೆಗಳಿಗೆ ಬ್ರಹ್ಮಗಿರಿಯ ಕಾಲವನ್ನು ಗಂಟುಹಾಕಿದರು. ಮುಂದೆ ಇಂಗಾಲ ಪರೀಕ್ಷೆ ಬಂದು ನಮ್ಮ ಕಲ್ಲುಕೊಡಲಿಯ ಜನರನ್ನು ಅವರು ಹೇಳಿದ್ದಕ್ಕಿಂತ ಬಹಳ ಹಿಂದಕ್ಕೆ ಒಯ್ದಿತು. ಅಮೆರಿಕದವರಿಗೆ ಇಸವಿ ಕೊಟ್ಟದ್ದು ಮರ. ಆ್ಯಂಡ್ರೂ ಡಗ್ಲಸ್ ಖಗೋಳ ವಿಜ್ಞಾನಿ. ಸೂರ್ಯನ ಕಲೆಗಳ ಏರಿಳಿತ ಮರದ ಉಂಗುರಗಳಲ್ಲಿ ಅಚ್ಚೊತ್ತಿರಬಹುದೆಂದು ಹುಡುಕುತ್ತಿದ್ದವರು. ಒಣ ಸೀಮೆಯ ಪೈನ್ ಮರ ಮಳೆ ಬಂದ ವರ್ಷ ಅಗಲದ ಉಂಗುರ ಕಟ್ಟುತ್ತದೆ, ಬರ ಬಂದ ವರ್ಷ ಸಪೂರದ್ದು. ಬದುಕಿರುವ ಮರದಿಂದ ಹಿಂದಕ್ಕೆ ಎಣಿಸುತ್ತ, ಹಳೆಯ ತೊಲೆಗಳ ಉಂಗುರಗಳನ್ನು ಅದಕ್ಕೆ ಹೊಂದಿಸುತ್ತ ಅವರು ಒಂದು ಸರಪಣಿ ಮಾಡಿದರು. ಹೋಪಿಗಳ ಒರೈಬಿ ಊರಿನ ತೊಲೆಗಳೂ ಅದರಲ್ಲಿ ಸೇರಿದವು. ಇನ್ನೊಂದು ಕಡೆ ಹಾಳುಮನೆಗಳ ತೊಲೆಗಳಿಂದ ಕಟ್ಟಿದ ಬೇರೆಯೇ ಸರಪಣಿ ಇತ್ತು. ಎರಡರ ನಡುವೆ ಕೊಂಡಿ ಇರಲಿಲ್ಲ. 1929ರ ಜೂನ್‌ನಲ್ಲಿ ಅರಿಜೋನಾದ ಶೋ ಲೋ ಊರಿನಲ್ಲಿ ಸಿಕ್ಕ ಅರೆಸುಟ್ಟ ತೊಲೆಯೊಂದು, ದಾಖಲೆಯಲ್ಲಿ ಅದರ ಹೆಸರು ಎಚ್‌ಎಚ್-39, ಆ ಕೊಂಡಿಯಾಯಿತು. ಒಂದೇ ಏಟಿಗೆ ಹತ್ತಾರು ಹಾಳೂರುಗಳ ಮನೆಗಳಿಗೆ ಇಸವಿ ಸಿಕ್ಕಿತು. ಸೆಮಿನಾರಿನಲ್ಲಿ ಹತ್ತು ನಿಮಿಷ ಇದಕ್ಕೇ ಕೊಡು. ನಮ್ಮ ಕಡೆ ಇದನ್ನೇಕೆ ಮಾಡಲಿಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ: ಉಷ್ಣವಲಯದ ಹೆಚ್ಚಿನ ಮರಗಳಲ್ಲಿ ವರ್ಷಕ್ಕೊಂದು ಸ್ಪಷ್ಟ ಉಂಗುರ ಮೂಡುವುದಿಲ್ಲ, ತೇಗದಂಥ ಕೆಲವೇ ಅಪವಾದ.

ಇನ್ನು ಅನಸಾಜಿಗಳ, ಎಂದರೆ ಆ ಹಾಳೂರುಗಳನ್ನು ಕಟ್ಟಿದವರ, ‘ನಿಗೂಢ ಕಣ್ಮರೆ’. ಮರದ ಉಂಗುರಗಳೇ ಹೇಳುವಂತೆ 1276ರಿಂದ 1299ರವರೆಗೆ ಆ ಸೀಮೆಯಲ್ಲಿ ಭೀಕರ ಬರ. ಕೊಲೊರಾಡೊದ ಮೆಸಾ ವರ್ಡೆಯ ಬಂಡೆಯ ಪೊಟರೆಗಳಲ್ಲಿ ಮನೆ ಕಟ್ಟಿಕೊಂಡಿದ್ದವರು ಆ ಶತಮಾನ ಮುಗಿಯುವಷ್ಟರಲ್ಲಿ ಊರು ಬಿಟ್ಟರು. ಬರ ಒಂದೇ ಕಾರಣವಲ್ಲ, ಕಾದಾಟದ ಗುರುತುಗಳೂ ಇವೆ. ಆದರೆ ಅವರು ಆವಿಯಾಗಲಿಲ್ಲ; ದಕ್ಷಿಣಕ್ಕೆ, ಪೂರ್ವಕ್ಕೆ ಗುಳೆ ಹೋದರು. ಹೋಪಿ, ಜೂನಿ, ರಿಯೊ ಗ್ರಾಂಡೆ ದಂಡೆಯ ಪ್ವೆಬ್ಲೊ ಊರಿನವರು ಅವರ ಮಕ್ಕಳು ಮೊಮ್ಮಕ್ಕಳು. ಹೋಪಿಗಳಂತೂ ತಮ್ಮ ಕುಲಗಳು ಯಾವ ಯಾವ ದಾರಿಯಲ್ಲಿ ಬಂದವು ಎಂದು ಇಂದಿಗೂ ಹೇಳುತ್ತಾರೆ. ಹಾಳುಮನೆ, ಬೋಕಿ, ಬಂಡೆಚಿತ್ರ ಇವೆಲ್ಲ ಹಿರಿಯರು ಬೇಕೆಂದೇ ಬಿಟ್ಟುಹೋದ ಹೆಜ್ಜೆಗುರುತು ಎನ್ನುತ್ತಾರೆ. ಮೊಮ್ಮಕ್ಕಳು ಎದುರಿಗೆ ನಿಂತಿರುವಾಗ ಅಜ್ಜ ಕಾಣೆಯಾದ ಎಂದು ಬರೆಯುವವರಿಗೆ ಏನು ಹೇಳೋಣ? ‘ಅನಸಾಜಿ’ ಎಂಬ ಹೆಸರನ್ನೂ ಹೋಪಿಗಳು ಒಪ್ಪುವುದಿಲ್ಲ. ಹಳೆಯ ಬರಹ ಹುಡುಕುವಾಗ ಮಾತ್ರ ಅದನ್ನು ಟೈಪಿಸು, ನಿನ್ನ ಪ್ರಬಂಧದಲ್ಲಿ ಪೂರ್ವಜ ಪ್ವೆಬ್ಲೊ ಜನ ಎಂದು ಬರೆ.

ಕನ್ನಡದಲ್ಲಿ ಇದಕ್ಕೇ ಮೀಸಲಾದ ಪುಸ್ತಕವನ್ನು ನಾನು ಕಪಾಟಿನಲ್ಲಿ ಜೋಡಿಸಿದ್ದಿಲ್ಲ. ಇಂಗ್ಲಿಷಿನಲ್ಲಿ ದುಡ್ಡು ಕೊಡದೆ ಓದಲು ಬೇಕಾದಷ್ಟಿದೆ. ಕೊಲೊರಾಡೊದ ಕ್ರೋ ಕ್ಯಾನ್ಯನ್ ಪುರಾತತ್ವ ಕೇಂದ್ರ ತನ್ನ ಉತ್ಖನನ ವರದಿಗಳನ್ನು ಜಾಲತಾಣದಲ್ಲೇ ಇಟ್ಟಿದೆ. ಉಪನ್ಯಾಸಗಳನ್ನೂ ನೋಡಬಹುದು, ಅವುಗಳಲ್ಲಿ ಪ್ವೆಬ್ಲೊ ಜನರೇ ಮಾತನಾಡುವಂಥವನ್ನು ಮೊದಲು ಕೇಳು. ಅರಿಜೋನಾ ವಿಶ್ವವಿದ್ಯಾಲಯದ ಮುದ್ರಣಾಲಯ ‘ಓಪನ್ ಅರಿಜೋನಾ’ ಎಂಬ ಹೆಸರಿನಲ್ಲಿ ಹಳೆಯ ಪುಸ್ತಕಗಳನ್ನು ಮುಕ್ತವಾಗಿ ಒದಗಿಸಿದೆ. ಟೂಸಾನ್‌ನ ‘ಆರ್ಕಿಯಾಲಜಿ ಸೌತ್‌ವೆಸ್ಟ್’ ಸಂಸ್ಥೆಯ ಪತ್ರಿಕೆ ಸಾಮಾನ್ಯ ಓದುಗರಿಗೂ ತಿಳಿಯುವಂತಿರುತ್ತದೆ. ‘ಕಿವಾ’ ಮತ್ತು ‘ಅಮೆರಿಕನ್ ಆ್ಯಂಟಿಕ್ವಿಟಿ’ ಎರಡೂ 1935ರಿಂದ ಬರುತ್ತಿರುವ ವಿದ್ವತ್ ಪತ್ರಿಕೆಗಳು. ಅವು ಬೇಕಿದ್ದರೆ ನಿನ್ನ ವಿಶ್ವವಿದ್ಯಾಲಯದ ಗ್ರಂಥಪಾಲಕರನ್ನು ಕೇಳು. ಗ್ರಂಥಪಾಲಕರು ಇರುವುದೇ ಕೇಳಿಸಿಕೊಳ್ಳಲು. ಯಾರೂ ಕೇಳುವುದಿಲ್ಲ ಎಂಬುದೇ ನನ್ನ ಹಳೆಯ ದೂರು.

ಸ್ಮಿತ್‌ಸೋನಿಯನ್ ಸಂಸ್ಥೆಯ ಜನಾಂಗ ಅಧ್ಯಯನ ವಿಭಾಗ ಒಂದು ಕಾಲದಲ್ಲಿ ವರ್ಷವರ್ಷವೂ ಹೊರಡಿಸುತ್ತಿದ್ದ ದಪ್ಪ ವರದಿಗಳೂ ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಅವುಗಳಲ್ಲಿ ವಿಕ್ಟರ್ ಮಿಂಡೆಲೆಫ್ 1891ರಲ್ಲಿ ಪ್ರಕಟಿಸಿದ ಪ್ವೆಬ್ಲೊ ವಾಸ್ತುಶಿಲ್ಪದ ಅಧ್ಯಯನ ನೋಡು. ಹೋಪಿ ಮನೆಯ ಕಲ್ಲಿನ ಗೋಡೆ, ಮಾಳಿಗೆಗೆ ಹತ್ತುವ ಏಣಿ, ಹೊಗೆಗಂಡಿಗೆ ತಳ ಒಡೆದ ಮಡಕೆಗಳನ್ನು ಒಂದರ ಮೇಲೊಂದು ಪೇರಿಸುವ ಬಗೆ, ಎಲ್ಲವನ್ನೂ ಅಳತೆ ಹಿಡಿದು ಬರೆದಿದ್ದಾರೆ.

ಆದರೆ ಅದೇ ಕಾಲದ ಬೇರೆ ಕೆಲವು ಪುಸ್ತಕಗಳಲ್ಲಿ ಹೋಪಿಗಳ ಗುಪ್ತ ಆಚರಣೆಗಳ ವಿವರ, ಫೋಟೊ ಇವೆ. ಒರೈಬಿಯಲ್ಲಿದ್ದ ವೋಥ್ ಎಂಬ ಪಾದ್ರಿ ನೆಲದಡಿಯ ಪೂಜಾಕೋಣೆಗಳಲ್ಲಿ ನಡೆಯುವುದನ್ನು ಬರೆದು ಷಿಕಾಗೊದ ಸಂಗ್ರಹಾಲಯದ ಮೂಲಕ ಅಚ್ಚು ಹಾಕಿಸಿದರು. ಹೋಪಿಗಳಲ್ಲೇ ಆ ದೀಕ್ಷೆ ಪಡೆಯದವರಿಗೆ ತಿಳಿಯಬಾರದ ಸಂಗತಿಗಳವು. 1990ರ ದಶಕದಲ್ಲಿ ಹೋಪಿ ಆಡಳಿತ ಅನೇಕ ಸಂಗ್ರಹಾಲಯಗಳಿಗೆ ಪತ್ರ ಬರೆದು, ಇಂಥ ಟಿಪ್ಪಣಿಗಳನ್ನು ಕಂಡಕಂಡವರಿಗೆ ತೆರೆದಿಡಬೇಡಿ ಎಂದು ಕೇಳಿಕೊಂಡಿತು. ಜೀವಮಾನವಿಡೀ ಕಪಾಟು ತೆರೆದುಕೊಟ್ಟ ನಾನು ‘ಆ ಪುಟಗಳನ್ನು ಪ್ರಬಂಧಕ್ಕೆ ಎತ್ತಿಕೊಳ್ಳಬೇಡ’ ಎನ್ನುತ್ತಿದ್ದೇನೆ. ಮೌಸ್ ಒತ್ತಿದರೆ ಪುಟ ತೆರೆಯುತ್ತದೆ ಎಂದ ಮಾತ್ರಕ್ಕೆ ಮನೆಯವರು ಒಳಗೆ ಕರೆದರು ಎಂದಲ್ಲ. ನಮ್ಮ ಚಳ್ಳಕೆರೆ, ಹಿರಿಯೂರು ಕಡೆಯ ಗೊಲ್ಲರಹಟ್ಟಿಗಳ ದೇವರ ಗುಡಿಯ ಮುಂದೆ ಚಪ್ಪಲಿ ಬಿಟ್ಟು ನಿಂತು, ‘ಬರಬಹುದೇ’ ಎಂದು ಕೇಳಿ ಅಭ್ಯಾಸವಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಡಕೆಯ ಬಗ್ಗೆ ಬರೆ, ಅಲ್ಲಿ ಯಾರ ಅಡ್ಡಿಯೂ ಇಲ್ಲ. ಹೋಪಿಗಳು 14ನೆಯ ಶತಮಾನದಲ್ಲೇ ನೆಲದ ಕಲ್ಲಿದ್ದಲು ತೆಗೆದು ಅದರಿಂದ ಮಡಕೆ ಸುಡುತ್ತಿದ್ದರು; ಆ ಕಾವಿಗೆ ಮಣ್ಣು ಹಳದಿಗೆ ತಿರುಗುತ್ತಿತ್ತು. ತಿಗರಿ ಇಲ್ಲ, ಮಣ್ಣಿನ ಸುರುಳಿ ಸುತ್ತಿ ಕೈಯಲ್ಲೇ ಏರಿಸಿದ್ದು. 1895ರಲ್ಲಿ ಜೆಸ್ಸಿ ಫ್ಯೂಕ್ಸ್ ಸಿಕ್ಯಾಟ್ಕಿ ಎಂಬ ಹಾಳೂರನ್ನು ಅಗೆದಾಗ ಅಂಥ ಮಡಕೆಗಳು ರಾಶಿಯಾಗಿ ಸಿಕ್ಕವು. ಹತ್ತಿರದ ಹಾನೊ ಊರಿನ ನಂಪೆಯೊ ಎಂಬ ಕುಶಲಗಾರ್ತಿ ಹಳೆಯ ಬೋಕಿಗಳ ಚಿತ್ತಾರವನ್ನು ತನ್ನ ಕೈಗೆ ತಂದುಕೊಂಡು ಆ ಶೈಲಿಗೆ ಮತ್ತೆ ಜೀವ ಕೊಟ್ಟಳು. ಆಕೆಯ ವಂಶದವರು ಈಗಲೂ ಮಡಕೆ ಮಾಡುತ್ತಾರೆ. ನಿನ್ನ ಸೆಮಿನಾರಿಗೆ ಇದೊಂದೇ ಸಾಕಾದೀತು.

ಪ್ರಶ್ನೆ: ಮಾನ್ಯರೇ, ಹೋಪಿಗಳು ಭಾರತದಿಂದಲೇ ಹೋದವರು, ಅವರಲ್ಲಿ ಸ್ವಸ್ತಿಕ ಇರುವುದೇ ಸಾಕ್ಷಿ, ಅವರ ಹತ್ತಿರ ಪ್ರಳಯದ ಭವಿಷ್ಯವಾಣಿ ಇದೆ ಎಂಬ ವಿಡಿಯೊ ನೋಡಿ ನಮ್ಮ ಶಾಲೆಯ ಮಕ್ಕಳು ದಿನಾ ಪ್ರಾಣ ತಿನ್ನುತ್ತಿದ್ದಾರೆ. ಏನು ಹೇಳಲಿ?
— ಶಿಕ್ಷಕರು, ಚಳ್ಳಕೆರೆ

ಉತ್ತರ: ಹೋಪಿ ಭಾಷೆ ಊಟೊ-ಅಜ್ಟೆಕನ್ ಕುಟುಂಬದ್ದು, ಮೆಕ್ಸಿಕೊದ ಅಜ್ಟೆಕರ ನಹುವಾಟಲ್ ಅದರ ನೆಂಟ. ಸಂಸ್ಕೃತಕ್ಕೂ ಅದಕ್ಕೂ ಸಂಬಂಧವಿಲ್ಲ, ಕನ್ನಡಕ್ಕೂ ಇಲ್ಲ. ನಾಲ್ಕು ಮುರಿದ ತೋಳಿನ ಆಕೃತಿ ಬುಟ್ಟಿ, ಚಾಪೆ ಹೆಣೆಯುವ ಯಾರ ಕೈಯಲ್ಲಾದರೂ ತಾನಾಗಿ ಮೂಡುವಂಥದ್ದು. ಮಕ್ಕಳ ಕೈಗೆ ಎರಡು ಬಣ್ಣದ ಕಾಗದದ ಪಟ್ಟಿ ಕೊಟ್ಟು ಹೆಣೆಯಲು ಹೇಳಿ, ಅವರಿಗೇ ತಿಳಿಯುತ್ತದೆ. ಅದರ ಜೊತೆ ಒಂದು ನಿಜ ಸಂಗತಿಯನ್ನೂ ಹೇಳಿ: 1940ರಲ್ಲಿ ಹೋಪಿ, ನವಾಹೊ, ಅಪಾಚೆ, ಟೊಹೊನೊ ಓಡಮ್ ಜನರ ಪ್ರತಿನಿಧಿಗಳು ಅರಿಜೋನಾದಲ್ಲಿ ಸೇರಿ, ನಾಜಿಗಳು ಈ ಗುರುತನ್ನು ಕೆಡಿಸಿದ್ದಾರೆ, ಇನ್ನು ಮುಂದೆ ನಮ್ಮ ಕಂಬಳಿ, ಬುಟ್ಟಿಗಳಲ್ಲಿ ಇದನ್ನು ಬಳಸುವುದಿಲ್ಲ ಎಂದು ಸಹಿ ಹಾಕಿದರು. ಯಾವ ವಿಡಿಯೊಗಿಂತಲೂ ಇದು ಸ್ವಾರಸ್ಯದ ಕಥೆ.

ಭವಿಷ್ಯವಾಣಿಯ ಗದ್ದಲಕ್ಕೆ ದೊಡ್ಡ ಪ್ರಚಾರ ಕೊಟ್ಟದ್ದು 1963ರ ‘ಬುಕ್ ಆಫ್ ದಿ ಹೋಪಿ’. ಹಿಪ್ಪಿಗಳ ಕಾಲದಲ್ಲಿ ಬಿಸಿದೋಸೆಯಂತೆ ಖರ್ಚಾದ ಪುಸ್ತಕ. ಹೋಪಿಗಳೂ ವಿದ್ವಾಂಸರೂ ಅದರ ವಿಶ್ವಾಸಾರ್ಹತೆಯನ್ನು ಪ್ರಶ್ನಿಸಿದ್ದಾರೆ, ಆದರೂ ಇಂಥ ವಿಡಿಯೊದವರಿಗೆ ಅದೇ ವೇದ. ಅದನ್ನು ಓದಲೇಬೇಡಿ ಎನ್ನುವುದಿಲ್ಲ, ಮೊದಲನೆಯದಾಗಿ ಓದಬೇಡಿ. ಹೋಪಿಗಳಿಗೆ ತಮ್ಮದೇ ಸಾಂಸ್ಕೃತಿಕ ಸಂರಕ್ಷಣಾ ಕಚೇರಿ ಕಿಕೋಟ್ಸ್‌ಮೋವಿ ಊರಿನಲ್ಲಿದೆ. ಅವರ ಮಾತಿಗೂ ನಿಮ್ಮ ವಿಡಿಯೊಗೂ ತಾಳೆಯಾಗದಿದ್ದರೆ ಯಾರನ್ನು ನಂಬಬೇಕು ಎಂಬುದನ್ನು ಏಳನೆಯ ತರಗತಿಯ ಮಕ್ಕಳೂ ನಿರ್ಧರಿಸಬಲ್ಲರು.

ಪ್ರಶ್ನೆ: ಅಕ್ಕಾ, ನಾವು ಮೆಕ್ಕೆಜೋಳ ಹಾಕುವವರು. ಹೋಪಿಗಳು ನೀರಾವರಿ ಇಲ್ಲದೆ, ಮರಳಿನಲ್ಲಿ ಮೆಕ್ಕೆಜೋಳ ಬೆಳೆಯುತ್ತಾರಂತೆ. ಅದರ ಬಗ್ಗೆ ಎಲ್ಲಿ ಓದಬಹುದು? ಬೀಜ ತರಿಸಬಹುದೇ?
— ರೈತರು, ಜಗಳೂರು

ಉತ್ತರ: ಈ ಪತ್ರ ಓದಿ ನನಗೆ ಬಲು ಖುಷಿಯಾಯಿತು. ದಾವಣಗೆರೆ ಸೀಮೆಯಲ್ಲಿ ಯಾರನ್ನು ಕೇಳಿದರೂ ಮೆಕ್ಕೆಜೋಳದ ಧಾರಣೆ ಹೇಳುತ್ತಾರೆ, ಅದು ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಮೆಕ್ಸಿಕೊದಲ್ಲಿ ಹುಟ್ಟಿದ ಬೆಳೆ ಅರಿಜೋನಾ ಸೀಮೆಗೆ ಸುಮಾರು 4,000 ವರ್ಷಗಳ ಹಿಂದೆ ತಲುಪಿತು. ಅಂದಿನಿಂದ ಅಲ್ಲಿನ ಹೆಂಗಸರು ಗಂಡಸರು ಆರಿಸಿ ಆರಿಸಿ ಬೀಜ ಕಟ್ಟಿದ್ದಾರೆ.

ಹೋಪಿ ಊರುಗಳಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 200ರಿಂದ 250 ಮಿಲಿಮೀಟರ್. ನಿಮ್ಮ ಜಗಳೂರಿನಲ್ಲಿ ಬರಗಾಲ ಎಂದು ಗೋಳಾಡುವ ವರ್ಷವೂ ಅದಕ್ಕಿಂತ ಹೆಚ್ಚು ಬಿದ್ದಿರುತ್ತದೆ. ಚಳಿಗಾಲದ ಹಿಮ ಕರಗಿ ಇಳಿದ ತೇವ ಮರಳಿನ ಅಡಿಯಲ್ಲಿ ಉಳಿದಿರುತ್ತದೆ. ಮೇಲಿನ ಮರಳೇ ಅದು ಆವಿಯಾಗದಂತೆ ಕಾಯುತ್ತದೆ. ಮೇ, ಜೂನ್ ಹೊತ್ತಿಗೆ ರೈತ ಗಟ್ಟಿಮರದ ಕೋಲಿನಿಂದ ಕುಳಿ ತೋಡುತ್ತಾನೆ. ತೇವ ಕೈಗೆ ಹತ್ತುವವರೆಗೆ, ಗೇಣುದ್ದ, ಕೆಲವೊಮ್ಮೆ ಅದಕ್ಕೂ ಆಳ. ಒಂದು ಕುಳಿಗೆ ಒಂದೆರಡಲ್ಲ, ಹತ್ತರ ಆಸುಪಾಸು ಕಾಳು. ಮುಂದಿನ ಕುಳಿ ಹಲವು ಹೆಜ್ಜೆ ಆಚೆ. ಗುಂಪಾಗಿ ಎದ್ದ ಗಿಡಗಳು ಗಾಳಿಗೆ, ಹಾರುವ ಮರಳಿಗೆ ಒಂದನ್ನೊಂದು ಕಾಯುತ್ತವೆ. ಮರುವರ್ಷ ಹಳೆಯ ಕೂಳೆಗಳ ನಡುವಿನ ಜಾಗದಲ್ಲಿ ಬಿತ್ತನೆ. ಗಿಡ ಕುಳ್ಳು, ತೆನೆ ನೆಲದ ಹತ್ತಿರ.

ಅಷ್ಟು ಆಳದಿಂದ ಮೊಳಕೆ ಮೇಲೆ ಬರುವುದು ಹೇಗೆ? 1914ರಲ್ಲಿ ಕಾಲಿನ್ಸ್ ಎಂಬ ಸಸ್ಯವಿಜ್ಞಾನಿ ಇದನ್ನೇ ಬಗೆದು ನೋಡಿದರು. ಕಾಳಿಗೂ ಮೊದಲ ಗೆಣ್ಣಿಗೂ ನಡುವಿನ ಎಳೆಕಾಂಡ ಈ ತಳಿಯಲ್ಲಿ ಬಹಳ ಉದ್ದ ಬೆಳೆಯಬಲ್ಲದು. ಜೊತೆಗೆ ಮೊದಲಿಗೆ ಒಂದೇ ಒಂದು ತಾಯಿಬೇರು ನೇರ ಕೆಳಕ್ಕೆ ಇಳಿಯುತ್ತದೆ. ಅಂಗಡಿಯ ಹೈಬ್ರಿಡ್ ಬೀಜವನ್ನು ಅಷ್ಟು ಆಳಕ್ಕೆ ಹಾಕಿದರೆ ಮಣ್ಣಿನಲ್ಲೇ ಸುತ್ತಿಕೊಂಡು ಕೊಳೆಯುತ್ತದೆ. ಕಾಲಿನ್ಸ್ ಅವರ ಲೇಖನ ಅಮೆರಿಕದ ಕೃಷಿ ಇಲಾಖೆಯ ‘ಜರ್ನಲ್ ಆಫ್ ಅಗ್ರಿಕಲ್ಚರಲ್ ರಿಸರ್ಚ್’ನಲ್ಲಿ ಬಂದದ್ದು, ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಅಂತರ್ಜಾಲದಲ್ಲಿ ಸಿಗುತ್ತದೆ. ಇಂಗ್ಲಿಷ್ ಬಲ್ಲ ಮಗನೋ ಮಗಳೋ ಮನೆಯಲ್ಲಿದ್ದರೆ ಓದಿಸಿಕೊಳ್ಳಿ, ಚಿತ್ರಗಳೇ ಅರ್ಧ ಹೇಳುತ್ತವೆ.

ಬೀಜದ ಆಸೆ ಬಿಡಿ. ಹೊರದೇಶದ ಬಿತ್ತನೆ ಬೀಜ ತರಿಸಲು 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಪರವಾನಗಿ, ತಪಾಸಣೆ ಎಲ್ಲ ಬೇಕು. ಲಕೋಟೆಯಲ್ಲಿ ಹಾಕಿಸಿಕೊಂಡರೆ ರೋಗವನ್ನೂ ತರಿಸಿಕೊಂಡ ಹಾಗೆ. ತಂದರೂ ಅದು ಹಿಮದ ತೇವಕ್ಕೆ, ಎತ್ತರದ ಸೀಮೆಯ ಉದ್ದನೆಯ ಬೇಸಗೆ ಹಗಲಿಗೆ ಒಗ್ಗಿದ ತಳಿ. ಮುಂಗಾರಿನ ಕೆಮ್ಮಣ್ಣಿನ ಹೊಲದಲ್ಲಿ ಅದರಿಂದ ಏನು ನಿರೀಕ್ಷಿಸುತ್ತೀರಿ? ನಿಜವಾದ ಹೋಲಿಕೆ ನಮ್ಮಲ್ಲೇ ಇದೆ: ಎರೆಹೊಲದ ಹಿಂಗಾರಿ ಬಿಳಿಜೋಳ. ಬಿತ್ತಿದ ಮೇಲೆ ಮಳೆ ಬಾರದಿದ್ದರೂ ಒಳಗಿನ ಹಸಿಯಲ್ಲೇ ತೆನೆ ಕಟ್ಟುವ ಬೆಳೆ ಅದು. ಹೋಪಿಗಳದ್ದು ಓದಿ, ಆಮೇಲೆ ಜೋಳಕ್ಕೆ ಹಸಿ ನೋಡುವುದು ಹೇಗೆ ಎಂದು ನಿಮ್ಮ ಊರಿನ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಅದನ್ನೂ ಯಾರೂ ಪುಸ್ತಕ ಮಾಡಿ ಕಪಾಟಿನಲ್ಲಿ ಇಟ್ಟಿಲ್ಲ.

ಪ್ರಶ್ನೆ: ನಮ್ಮ ಮಗ ಫೀನಿಕ್ಸ್‌ನಲ್ಲಿ ಕೆಲಸದಲ್ಲಿದ್ದಾನೆ. ಬೇಸಗೆಯಲ್ಲಿ ನಾವಿಬ್ಬರೂ ಹೋಗುತ್ತಿದ್ದೇವೆ. ಹೋಪಿಗಳ ಊರು ನೋಡಬಹುದೇ? ಏನೇನು ನೋಡಬೇಕು? ನಾವು ಸಸ್ಯಾಹಾರಿಗಳು.
— ಗೃಹಿಣಿ, ಚಿತ್ರದುರ್ಗ

ಉತ್ತರ: ಧಾರಾಳವಾಗಿ ಹೋಗಿ ಬನ್ನಿ. ಮೊದಲ ದಿನ ಫೀನಿಕ್ಸ್‌ನಲ್ಲೇ ಹರ್ಡ್ ಸಂಗ್ರಹಾಲಯ ನೋಡಿ. ವಿಮಾನ ನಿಲ್ದಾಣದ ಹತ್ತಿರವೇ ಸೆಡವ್ ವಾಆಕಿ ಎಂಬ ತಾಣವಿದೆ, ಹಳೆಯ ಪುಸ್ತಕಗಳಲ್ಲಿ ಪ್ವೆಬ್ಲೊ ಗ್ರಾಂಡೆ ಎಂದಿರುತ್ತದೆ. ಹಿಂದೆ ಅಲ್ಲಿ ಬಾಳಿದ್ದ ಹೊಹೊಕಮ್ ಜನ ಸಾಲ್ಟ್ ನದಿಯಿಂದ ತೋಡಿದ್ದ ಕಾಲುವೆಗಳ ಕುರುಹು ಅಲ್ಲಿವೆ. ಆ ನಗರದ ಈಗಿನ ಕೆಲವು ಕಾಲುವೆಗಳು ಹಳೆಯ ಜಾಡಿನಲ್ಲೇ ಹರಿಯುತ್ತವೆ. ಕೆರೆ, ತೂಬು ನೋಡಿ ಬೆಳೆದ ನಿಮಗೆ ಇದು ಹಿಡಿಸುತ್ತದೆ.

ಅಲ್ಲಿಂದ ಸುಮಾರು 230 ಕಿಲೋಮೀಟರ್ ಉತ್ತರಕ್ಕೆ ಫ್ಲ್ಯಾಗ್‌ಸ್ಟಾಫ್. ಅಲ್ಲಿ 1928ರಲ್ಲಿ ಸ್ಥಾಪನೆಯಾದ ಉತ್ತರ ಅರಿಜೋನಾ ಸಂಗ್ರಹಾಲಯವನ್ನು ತಪ್ಪಿಸಬೇಡಿ. ವಿನ್ಸ್‌ಲೊ ಬಳಿಯ ಹೊಮೊಲೊವಿಯಲ್ಲಿ ಹೋಪಿ ಪೂರ್ವಜರ ಹಾಳೂರುಗಳನ್ನು ನಡೆದು ನೋಡಬಹುದು. ಕಾಲಡಿಯಲ್ಲೇ ಬೋಕಿಗಳು ಬಿದ್ದಿರುತ್ತವೆ. ಕೈಗೆತ್ತಿಕೊಂಡರೆ ಅಲ್ಲೇ ಇಟ್ಟುಬಿಡಿ. ಕಿಸೆಗೆ ಹಾಕಿಕೊಳ್ಳುವುದು ಅಪರಾಧ. ಚಂದ್ರವಳ್ಳಿಗೆ ವಾಯುವಿಹಾರಕ್ಕೆ ಬಂದು ಚೂರು ಆರಿಸುವ ನಮ್ಮೂರಿನ ಮಹನೀಯರಿಗೂ ಇದು ಅನ್ವಯಿಸುತ್ತದೆ, ಇಲ್ಲಿಯೂ ಕಾನೂನಿದೆ.

ಹೋಪಿ ಊರುಗಳು ಮೂರು ಚಪ್ಪಟೆ ನೆತ್ತಿಯ ಬೆಟ್ಟಗಳ ಮೇಲೂ ತಪ್ಪಲಿನಲ್ಲೂ ಇವೆ. ಎರಡನೆಯ ಬೆಟ್ಟದ ಹೋಪಿ ಸಾಂಸ್ಕೃತಿಕ ಕೇಂದ್ರದಲ್ಲಿ ವಸತಿ, ಊಟ ಎರಡೂ ಇವೆ. ಮೊದಲನೆಯ ಬೆಟ್ಟದ ತುದಿಯಲ್ಲಿರುವ ವಾಲ್ಪಿ ಊರಿಗೆ ಹೋಪಿ ಮಾರ್ಗದರ್ಶಿಯ ಜೊತೆಗೇ ಹೋಗಬೇಕು. ಊರೊಳಗೆ ಫೋಟೊ ಇಲ್ಲ, ವಿಡಿಯೊ ಇಲ್ಲ, ಕೂತು ಚಿತ್ರ ಬರೆಯುವಂತೆಯೂ ಇಲ್ಲ. ಮೊಬೈಲನ್ನು ಕಾರಿನಲ್ಲೇ ಬಿಟ್ಟು ಇಳಿಯುವುದು ಕ್ಷೇಮ. ಕುಣಿತ ನಡೆಯುತ್ತಿದ್ದರೆ ಹೊರಗಿನವರನ್ನು ಬಿಡುತ್ತಾರೋ ಇಲ್ಲವೋ ಎಂದು ಆಯಾ ಊರಿನವರನ್ನು ಕೇಳಿಕೊಳ್ಳಿ. ಬೇಡ ಎಂದರೆ ಬೇಡ, ಚೌಕಾಶಿ ಮಾಡಬೇಡಿ. ಆ ಕುಣಿತದ ಮುಖವಾಡಗಳು ಅವರಿಗೆ ಜೀವವಿರುವಂಥವು. 2013ರಲ್ಲಿ ಪ್ಯಾರಿಸ್‌ನಲ್ಲಿ ಅವುಗಳನ್ನು ಹರಾಜಿಗಿಟ್ಟಾಗ ಹೋಪಿಗಳು ಬೇಡಿಕೊಂಡರೂ ನಿಲ್ಲಲಿಲ್ಲ. ಕೊನೆಗೆ ಆ್ಯನನ್‌ಬರ್ಗ್ ಪ್ರತಿಷ್ಠಾನ 24 ವಸ್ತುಗಳನ್ನು ಕೊಂಡು, ಹೋಪಿಗಳದ್ದನ್ನು ಹೋಪಿಗಳಿಗೆ, ಅಪಾಚೆಗಳದ್ದನ್ನು ಅಪಾಚೆಗಳಿಗೆ ಹಿಂತಿರುಗಿಸಿತು. ನೀವು ಏನಾದರೂ ಕೊಳ್ಳುವುದಿದ್ದರೆ ಬುಟ್ಟಿಯನ್ನೋ ಮಡಕೆಯನ್ನೋ ಮಾಡಿದವರ ಕೈಯಿಂದಲೇ ಕೊಳ್ಳಿ.

ಊಟದ ವಿಚಾರ. ಅವರ ಹಬ್ಬದ ಸಾರಿನಲ್ಲಿ ಮೆಕ್ಕೆಜೋಳದ ಜೊತೆ ಕುರಿಮಾಂಸ ಇರುತ್ತದೆ, ನಿಮಗಾಗದು. ಪಿಕಿ ಎಂಬುದು ನೀಲಿ ಮೆಕ್ಕೆಜೋಳದ ಹಿಟ್ಟಿಗೆ ಸಸ್ಯದ ಬೂದಿ ಬೆರೆಸಿ, ಕಾದ ಕಲ್ಲಿನ ಮೇಲೆ ಬರಿಗೈಯಲ್ಲಿ ಸವರಿ, ತೆಳ್ಳಗೆ ಎಬ್ಬಿಸಿ ಸುರುಳಿ ಸುತ್ತುವ ರೊಟ್ಟಿ. ತಿನ್ನಲು ಹಗುರ, ಆದರೆ ಕಲ್ಲಿಗೆ ಹಚ್ಚುವ ಜಿಡ್ಡು ಕಲ್ಲಂಗಡಿ ಬೀಜದ್ದೂ ಇರಬಹುದು, ಕುರಿಯದ್ದೂ ಇರಬಹುದು. ಕೇಳಿ ತಿನ್ನಿ. ಜೊತೆಗೆ ನಾಲ್ಕು ಖಡಕ್ ರೊಟ್ಟಿ, ಚಟ್ನಿಪುಡಿ ಇರಲಿ.

ಗಡಿಯಾರದ ಬಗ್ಗೆ ಮಗನಿಗೆ ಈಗಲೇ ಹೇಳಿಡಿ. ಅರಿಜೋನಾದಲ್ಲಿ ಬೇಸಗೆಗೆಂದು ಗಡಿಯಾರವನ್ನು ಮುಂದಿಡುವ ಪದ್ಧತಿ ಇಲ್ಲ. ಹೋಪಿ ಸೀಮೆಯನ್ನು ಸುತ್ತುವರಿದ ನವಾಹೊ ಸೀಮೆಯಲ್ಲಿ ಇದೆ. ಒಳಗಿನ ಹೋಪಿ ಸೀಮೆಯಲ್ಲಿ ಮತ್ತೆ ಇಲ್ಲ. ದಾರಿಯಲ್ಲಿ ಮೊಬೈಲಿನ ಗಂಟೆ ತಾನಾಗಿ ಮುಂದೆ ಓಡಿ ಹಿಂದೆ ಬರುತ್ತದೆ. ವಾಲ್ಪಿಯ ಮಾರ್ಗದರ್ಶಿಯೊಡನೆ ಹೊತ್ತು ಗೊತ್ತುಮಾಡುವಾಗ ಫೀನಿಕ್ಸ್ ಗಂಟೆಯನ್ನೇ ಲೆಕ್ಕ ಹಿಡಿಯಿರಿ.